ಬೋರ್ಗ್ ಏಕೆ ರ‍್ಯಾಕೆಟ್ ಕೆಳಗಿಟ್ಟ?

1983ರ ಜನವರಿಯಲ್ಲಿ ಬಂದ ಪುಟ್ಟ ಸುದ್ದಿಯೊಂದು ಟೆನಿಸ್ ಜಗತ್ತನ್ನು ಬೆಚ್ಚಿಬೀಳಿಸಿತು. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಆಟ ಬಿಡುತ್ತಿದ್ದಾನೆ! ಸತತ ಐದು ವರ್ಷ ವಿಂಬಲ್ಡನ್ ಗೆದ್ದವ, ಆರು ಸಲ ಫ್ರೆಂಚ್ ಓಪನ್ ಎತ್ತಿಕೊಂಡವ, ಗೆಲ್ಲುವುದನ್ನು ದಿನಚರಿಯ ಹಾಗೆ ರೂಢಿಸಿಕೊಂಡಿದ್ದವ ಇನ್ನು ಸ್ಪರ್ಧೆಯ ಆಟ ಸಾಕು ಎಂದುಬಿಟ್ಟಿದ್ದ. ಆತನಿಗೆ ಆಗ ಬರೀ ಇಪ್ಪತ್ತಾರು ವರ್ಷ.

ಮಂಡಿ ಸವೆದು, ಉಸಿರು ಕಟ್ಟಿ, ನಿನ್ನೆ ಮೊನ್ನೆಯ ಹುಡುಗರ ಕೈಲಿ ಸೋತು ಆಟಗಾರರು ನಿವೃತ್ತರಾಗುವುದನ್ನು ಜನ ಕಂಡಿದ್ದರು. ಮೈಯಲ್ಲಿ ಕಸುವಿದ್ದಾಗಲೇ, ಮುಂದೆ ಇನ್ನೂ ಐದಾರು ವರ್ಷದ ಆಟ ಇರುವಾಗಲೇ ಎದ್ದು ಹೋದವರನ್ನು ಕಂಡಿರಲಿಲ್ಲ. ಹೀಗಾಗಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಏಕೆ? ಉತ್ತರವನ್ನು ಬೋರ್ಗ್ ಆಗಲೇ ಕೊಟ್ಟಿದ್ದ. ಆಟದಲ್ಲಿ ಮೊದಲಿನ ಸಂತೋಷ ಉಳಿದಿಲ್ಲ, ಪೂರ್ತಿ ಮನಸ್ಸು ಕೊಡಲಾಗದಿದ್ದರೆ ಆಡುವುದರಲ್ಲಿ ಅರ್ಥವಿಲ್ಲ ಎಂಬುದು ಆತನ ಮಾತಿನ ಸಾರ. ಇಷ್ಟು ಸರಳವಾದ ಉತ್ತರವನ್ನು ಯಾರೂ ನಂಬಲಿಲ್ಲ.

ಎ, ಬಿ, ಸಿ

ಭಾರತದ ಟೆನಿಸ್ ಪ್ರೇಮಿಗಳಿಗೆ ಬೋರ್ಗ್ ದೂರದವನೇನಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಟೆನಿಸ್ಸಿನ ‘ಎಬಿಸಿ’ ಎಂದರೆ ಅಮೃತರಾಜ್, ಬೋರ್ಗ್, ಕಾನರ್ಸ್. 1974ರ ಅಮೆರಿಕ ಓಪನ್ ಎರಡನೇ ಸುತ್ತಿನಲ್ಲಿ ವಿಜಯ್ ಅಮೃತರಾಜ್ ಐದು ಸೆಟ್‌ಗಳ ಹೋರಾಟದಲ್ಲಿ ಬೋರ್ಗ್‌ನನ್ನು ಮಣಿಸಿದ್ದರು. ಐದು ವರ್ಷಗಳ ನಂತರ, 1979ರ ವಿಂಬಲ್ಡನ್ನಿನಲ್ಲಿ, ವಿಜಯ್ ಎರಡು ಸೆಟ್ ಗೆದ್ದು ಒಂದು ಸೆಟ್ ಮಾತ್ರ ಬಿಟ್ಟುಕೊಟ್ಟು ಚಾಂಪಿಯನ್ನನನ್ನು ಸೋಲಿನ ಅಂಚಿಗೆ ತಂದು ನಿಲ್ಲಿಸಿದರು. ನಾಲ್ಕನೇ ಸೆಟ್ಟನ್ನು ಟೈಬ್ರೇಕರ್‌ನಲ್ಲಿ ಉಳಿಸಿಕೊಂಡ ಬೋರ್ಗ್ ಐದನೆಯದನ್ನು 6–2ರಿಂದ ಗೆದ್ದು ಮುನ್ನಡೆದ. ಅಂಚಿನಿಂದ ಹಿಂದಿರುಗುವ ಈ ವಿದ್ಯೆಯೇ ಆತನ ದೊಡ್ಡ ಬಂಡವಾಳ.

1956ರ ಜೂನ್ 6ರಂದು ಹುಟ್ಟಿದ ಬೋರ್ಗ್ ಬೆಳೆದದ್ದು ಸ್ಟಾಕ್‌ಹೋಮ್ ಬಳಿಯ ಸೋಡರ್ಟಾಲ್ಯ ಎಂಬ ಊರಿನಲ್ಲಿ. ಅಪ್ಪ ಟೇಬಲ್ ಟೆನಿಸ್ ಪಂದ್ಯಾವಳಿಯೊಂದರಲ್ಲಿ ಬಹುಮಾನವಾಗಿ ಪಡೆದ ಟೆನಿಸ್ ರ‍್ಯಾಕೆಟ್ ಮಗನ ಕೈಸೇರಿತು. ಹದಿನೈದನೆಯ ವಯಸ್ಸಿನಲ್ಲೇ ಡೇವಿಸ್ ಕಪ್ ತಂಡಕ್ಕೆ ಬಂದ ಹುಡುಗ ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡಿನ ಅನುಭವಿ ಆನಿ ಪರೂನ್‌ನನ್ನು ಸೋಲಿಸಿದ. ಹದಿನೆಂಟು ತುಂಬುತ್ತಿದ್ದಂತೆ ಪ್ಯಾರಿಸ್ಸಿನ ಮಣ್ಣಿನ ಅಂಗಳದಲ್ಲಿ ಚಾಂಪಿಯನ್ ಆದ. ಎರಡು ಕೈ ಹಿಡಿದು ಹೊಡೆಯುವ ಬ್ಯಾಕ್‌ಹ್ಯಾಂಡ್, ಚೆಂಡನ್ನು ಗಿರಗಿರನೆ ತಿರುಗಿಸಿ ಬಲೆಯ ಮೇಲಿಂದ ಇಳಿಬಿಡುವ ಟಾಪ್‌ಸ್ಪಿನ್, ಎಂಥ ಚೆಂಡನ್ನೂ ಓಡಿ ಹಿಡಿಯುವ ಕಾಲು. ಮರದ ರ‍್ಯಾಕೆಟ್ಟಿನ ತಂತಿಗಳನ್ನು ಸುಮಾರು 80 ಪೌಂಡ್ ಬಿಗಿತಕ್ಕೆ ಎಳೆಸುತ್ತಿದ್ದ. ಇತರ ಆಟಗಾರರಿಗೆ ಅದು ಹಲಗೆ ಹಿಡಿದು ಆಡಿದಂತೆ.

1978, 1979, 1980. ಈ ಮೂರೂ ವರ್ಷ ಆತ ಪ್ಯಾರಿಸ್ಸಿನ ಮಣ್ಣಿನಲ್ಲೂ ಗೆದ್ದ, ಕೆಲವೇ ವಾರಗಳಲ್ಲಿ ಲಂಡನ್ನಿನ ಹುಲ್ಲಿನಲ್ಲೂ ಗೆದ್ದ. ಚೆಂಡು ಮಣ್ಣಿನಲ್ಲಿ ನಿಧಾನವಾಗಿ ಮೇಲೇಳುತ್ತದೆ, ಹುಲ್ಲಿನಲ್ಲಿ ತಗ್ಗಿನಲ್ಲೇ ಜಾರಿ ಬರುತ್ತದೆ. ಒಂದಕ್ಕೆ ಒಗ್ಗಿದ ಆಟ ಇನ್ನೊಂದಕ್ಕೆ ಒಗ್ಗುವುದೇ ಕಷ್ಟ. ಹೀಗಿರುವಾಗ ಸತತ ಮೂರು ವರ್ಷ ಎರಡನ್ನೂ ಗೆಲ್ಲುವುದೆಂದರೆ ತಮಾಷೆಯ ಮಾತಲ್ಲ.

ಊಹೆಗಳ ಸುರಿಮಳೆ

ಇಂಥವನು ಹೊರಟಾಗ ಜನ ಸುಮ್ಮನಿರುತ್ತಾರೆಯೇ? ಎಲ್ಲಕ್ಕಿಂತ ಮೊದಲು ಕೇಳಿಬಂದ ಹೆಸರು ಜಾನ್ ಮೆಕೆನ್ರೋ. 1980ರ ವಿಂಬಲ್ಡನ್ ಫೈನಲ್‌ನ ನಾಲ್ಕನೇ ಸೆಟ್ಟಿನ ಟೈಬ್ರೇಕರ್ ಮೂವತ್ತನಾಲ್ಕು ಪಾಯಿಂಟ್‌ಗಳವರೆಗೆ ನಡೆದು 18–16ರಲ್ಲಿ ಮೆಕೆನ್ರೋ ಪಾಲಾಯಿತು. ಆದರೂ ಐದನೇ ಸೆಟ್ಟನ್ನು 8–6ರಿಂದ ಗೆದ್ದ ಬೋರ್ಗ್ ಮಂಡಿಯೂರಿ ಕುಳಿತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಮರುವರ್ಷ ಅದೇ ಅಂಗಳದಲ್ಲಿ ಮೆಕೆನ್ರೋ ಸೇಡು ತೀರಿಸಿಕೊಂಡ. ಸತತ 41 ಪಂದ್ಯ ಗೆದ್ದಿದ್ದ ಬೋರ್ಗ್‌ನ ವಿಂಬಲ್ಡನ್ ಸರಪಳಿ 1981ರ ಜುಲೈ 4ರಂದು ತುಂಡಾಯಿತು. ಎರಡು ತಿಂಗಳ ಬಳಿಕ ಅಮೆರಿಕ ಓಪನ್ ಫೈನಲ್‌ನಲ್ಲೂ ಅದೇ ಫಲಿತಾಂಶ. ಅಂದು ಬೋರ್ಗ್ ಎದುರಾಳಿಯ ಕೈಕುಲುಕಿ, ಬಹುಮಾನ ವಿತರಣೆಗೂ ಕಾಯದೆ ಅಂಗಳ ಬಿಟ್ಟು ಹೊರಟೇಹೋದ. ಮೆಕೆನ್ರೋಗೆ ಹೆದರಿ ಓಡಿದ ಎಂಬ ಮಾತು ಹುಟ್ಟಿದ್ದು ಹೀಗೆ.

ಅಮೆರಿಕ ಓಪನ್ ಕೈಗೆ ಸಿಗದ ನಿರಾಸೆಯೇ ಕಾರಣ ಎಂದರು ಇನ್ನು ಕೆಲವರು. ಇದರಲ್ಲೂ ಹುರುಳಿಲ್ಲದಿಲ್ಲ. 1976, 1978, 1980, 1981: ನಾಲ್ಕು ಸಲ ಫೈನಲ್ ತಲುಪಿ ನಾಲ್ಕು ಸಲವೂ ಬರಿಗೈಯಲ್ಲಿ ಮರಳಿದ್ದ. ಕೊನೆಯ ವರ್ಷ ಜೀವಬೆದರಿಕೆಯ ಕರೆಗಳೂ ಬಂದಿದ್ದವು.

ಮೂರನೆಯದು ನಿಯಮದ ಜಗಳ. ವರ್ಷಕ್ಕೆ ಕನಿಷ್ಠ ಹತ್ತು ಗ್ರಾಂಪ್ರಿ ಪಂದ್ಯಾವಳಿಗಳಲ್ಲಿ ಆಡುವುದಾಗಿ ಮಾತು ಕೊಡದ ಆಟಗಾರ, ಆತ ಎಷ್ಟೇ ದೊಡ್ಡವನಿರಲಿ, ಅರ್ಹತಾ ಸುತ್ತಿನಲ್ಲಿ ಆಡಿಯೇ ಬರಬೇಕು ಎಂದು ಟೆನಿಸ್ ಆಡಳಿತಗಾರರು ಪಟ್ಟುಹಿಡಿದರು. ಬಿಡುವು ಬಯಸಿದ್ದ ಬೋರ್ಗ್ ಒಪ್ಪಲಿಲ್ಲ. ಐದು ಸಲದ ವಿಂಬಲ್ಡನ್ ಚಾಂಪಿಯನ್ 1982ರ ಏಪ್ರಿಲ್‌ನಲ್ಲಿ ಮಾಂಟೆಕಾರ್ಲೊದಲ್ಲಿ ಹೊಸ ಹುಡುಗರೊಂದಿಗೆ ಅರ್ಹತಾ ಸುತ್ತು ಆಡಬೇಕಾಯಿತು. ಮುಖ್ಯ ಪಂದ್ಯಾವಳಿಗೆ ಬಂದವನನ್ನು ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸಿನ ಯಾನಿಕ್ ನೋವಾ ಸೋಲಿಸಿದ. ಆ ವರ್ಷ ವಿಂಬಲ್ಡನ್ನಿಗೆ ಬೋರ್ಗ್ ಹೋಗಲೇ ಇಲ್ಲ.

ಹೆಂಡತಿಯನ್ನು ದೂರಿದವರೂ ಇದ್ದರು. ರುಮೇನಿಯಾದ ಆಟಗಾರ್ತಿ ಮಾರಿಯಾನಾ ಸಿಮಿಯೊನೆಸ್ಕು ಜತೆ ಆತನ ಮದುವೆಯಾದದ್ದು 1980ರ ಜುಲೈನಲ್ಲಿ. ಸಂಸಾರ ಬಂತು, ಹಸಿವು ಹೋಯಿತು ಎಂಬುದು ಇವರ ತರ್ಕ. ಬೇಕಾದಷ್ಟು ಹಣ ಗಳಿಸಿಯಾಗಿದೆ, ಇನ್ನೇಕೆ ಬೆವರು ಸುರಿಸಲಿ ಎಂದು ಲೆಕ್ಕ ಹಾಕಿದವರೂ ಉಂಟು. ಒಂದೊಂದು ಊಹೆಯಲ್ಲೂ ಒಂದು ಚೂರು ನಿಜವಿತ್ತು. ಆದರೆ ಇವೆಲ್ಲವೂ ಬೋರ್ಗ್ ಯಾವುದರಿಂದ ಓಡುತ್ತಿದ್ದಾನೆ ಎಂದು ಕೇಳಿದವೇ ಹೊರತು, ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಕೇಳಲಿಲ್ಲ.

ಮಂಜುಗಡ್ಡೆಯ ಒಳಗೆ

ಅಂಗಳದಲ್ಲಿ ಬೋರ್ಗ್‌ನ ಮುಖ ನೋಡಿ ಆತ ಗೆಲ್ಲುತ್ತಿದ್ದಾನೋ ಸೋಲುತ್ತಿದ್ದಾನೋ ಹೇಳಲಾಗುತ್ತಿರಲಿಲ್ಲ. ಅಂಪೈರ್ ತಪ್ಪು ತೀರ್ಪು ಕೊಟ್ಟರೂ ತುಟಿ ಬಿಚ್ಚುತ್ತಿರಲಿಲ್ಲ. ‘ಐಸ್ ಬೋರ್ಗ್’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಇದು ಹುಟ್ಟುಗುಣ ಎಂದು ಜನ ತಿಳಿದರು. ಅದು ಹುಟ್ಟುಗುಣವಾಗಿರಲಿಲ್ಲ. ಬಾಲ್ಯದಲ್ಲಿ ಆತ ಮುಂಗೋಪಿ. ರ‍್ಯಾಕೆಟ್ ಎಸೆಯುತ್ತಿದ್ದ, ಬೈಯುತ್ತಿದ್ದ. ಕ್ಲಬ್ಬಿನವರು ರೋಸಿಹೋಗಿ ಕೆಲಕಾಲ ಹೊರಗಿಟ್ಟರು. ಆಟವೇ ತಪ್ಪಿಹೋಗುತ್ತದೆಂಬ ಹೆದರಿಕೆಗೆ ಹುಡುಗ ಬಾಯಿಗೆ ಬೀಗ ಹಾಕಿಕೊಂಡ. ಕೋಪ, ಭಯ, ಸಂತೋಷ ಎಲ್ಲವನ್ನೂ ನುಂಗುವುದನ್ನು ಕಲಿತ.

ಆ ಮೇಲಿನ ಬದುಕೂ ಅದಕ್ಕೆ ತಕ್ಕಂತೆಯೇ ಇತ್ತು. ಡೇವಿಸ್ ಕಪ್ ಆಡುವ ವಯಸ್ಸಿಗೇ ಶಾಲೆ ಬಿಟ್ಟವನಿಗೆ ತರಬೇತುದಾರ ಲೆನಾರ್ಟ್ ಬರ್ಗೆಲಿನ್ ತಂದೆಯೂ ಹೌದು, ಕಾವಲುಗಾರನೂ ಹೌದು. ಫೋನ್ ಎತ್ತುವುದು, ರ‍್ಯಾಕೆಟ್ ಸಿದ್ಧಪಡಿಸುವುದು, ಮೈಕೈ ತಿಕ್ಕುವುದು ಎಲ್ಲವೂ ಬರ್ಗೆಲಿನ್ ಕೆಲಸ. ಬೋರ್ಗ್‌ಗೆ ಉಳಿದದ್ದು ಮೂರೇ: ಆಡುವುದು, ಉಣ್ಣುವುದು, ಮಲಗುವುದು. ವಿಂಬಲ್ಡನ್ ಮುಗಿಯುವತನಕ ಗಡ್ಡ ತೆಗೆಯದಿರುವಂಥ ನಂಬಿಕೆಗಳು ಬೇರೆ. ಹತ್ತು ವರ್ಷ ಹೀಗೆ ನಡೆಯಿತು. ಹೊರಗೆ ಹೋದರೆ ಜನ ಮುತ್ತುತ್ತಿದ್ದರು, ಒಳಗಿದ್ದರೆ ಹೋಟೆಲ್ ಕೋಣೆಯ ನಾಲ್ಕು ಗೋಡೆ.

1981ರ ವಿಂಬಲ್ಡನ್ ಸೋಲಿನ ಬಗ್ಗೆ ಬೋರ್ಗ್ ಮುಂದೆ ಹಲವು ಸಲ ಒಂದು ಮಾತು ಹೇಳಿದ್ದಾನೆ. ಸೋತಾಗ ದುಃಖವೇ ಆಗಲಿಲ್ಲ, ಅದೇ ತನ್ನನ್ನು ಬೆಚ್ಚಿಸಿತು ಎಂದು. ಸೋಲನ್ನು ಸಹಿಸಲಾರದವನಿಗೆ ಸೋಲು ನೋಯಿಸದೆ ಹೋದರೆ ಆಟದಲ್ಲಿ ಉಳಿಯುವುದಾದರೂ ಏನು? ಮೆಕೆನ್ರೋಗೆ ಹೆದರಿ ಓಡಿದ ಎಂಬ ಮಾತಿಗೆ ಇದೇ ಸರಿಯಾದ ಉತ್ತರ. ಹೆದರಿದ್ದರೆ ಇನ್ನಷ್ಟು ಅಭ್ಯಾಸ ಮಾಡುತ್ತಿದ್ದ. ಆತನಿಗೆ ಹೆದರಿಕೆಯೂ ಉಳಿದಿರಲಿಲ್ಲ.

ಹೊರಗಿನ ಲೋಕ

1983ರ ವಸಂತದಲ್ಲಿ ಮಾಂಟೆಕಾರ್ಲೊದಲ್ಲಿ ಬೋರ್ಗ್ ವಿದಾಯದ ಆಟ ಆಡಿದ. ಎರಡನೇ ಸುತ್ತಿನಲ್ಲಿ ಆರಿ ಲಕಾಂತ್ ಎದುರು ಸೋತು ಹೊರನಡೆದ. ತನ್ನ ಬದುಕನ್ನು ತಾನೇ ನಡೆಸಬೇಕಾದ ದಿನ ಇಪ್ಪತ್ತಾರನೆಯ ವಯಸ್ಸಿಗೆ ಮೊದಲ ಸಲ ಬಂದಿತು. ಹತ್ತು ವರ್ಷ ಮನಸ್ಸನ್ನು ಬಿಗಿಹಿಡಿದಿದ್ದ ದಿನಚರಿ ಇದ್ದಕ್ಕಿದ್ದಂತೆ ಇಲ್ಲವಾಯಿತು.

1984ರಲ್ಲಿ ಮದುವೆ ಮುರಿಯಿತು. ತನ್ನ ಹೆಸರಿನಲ್ಲೇ ಆರಂಭಿಸಿದ ಉಡುಪು ವ್ಯಾಪಾರ ದಶಕದ ಕೊನೆಯ ಹೊತ್ತಿಗೆ ದಿವಾಳಿಯೆದ್ದಿತು. 1989ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ಊಹೆಗಳ ಎರಡನೇ ಸುರಿಮಳೆ. ಆ ದಿನಗಳ ಬಗ್ಗೆ ಬೋರ್ಗ್ ಬಹುಕಾಲ ಬಾಯಿ ಬಿಡಲಿಲ್ಲ. 2025ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಟೆನಿಸ್ ಬಿಟ್ಟ ಮೇಲೆ ಮಾದಕ ವಸ್ತು ಮತ್ತು ಮದ್ಯದ ಸಹವಾಸಕ್ಕೆ ಬಿದ್ದದ್ದನ್ನು, ಸಾವಿನ ಹತ್ತಿರಕ್ಕೆ ಹೋಗಿ ಬಂದದ್ದನ್ನು, ಅದರ ನಾಚಿಕೆಯನ್ನು ಆತನೇ ಹೇಳಿಕೊಂಡ. ಆಗ ವಯಸ್ಸು ಅರವತ್ತೊಂಬತ್ತು.

ನಡುವೆ ಮರಳಿ ಬರುವ ಪ್ರಯತ್ನವೂ ನಡೆಯಿತು. 1991ರ ಏಪ್ರಿಲ್‌ನಲ್ಲಿ, ಅದೇ ಮಾಂಟೆಕಾರ್ಲೊದಲ್ಲಿ, ಮೂವತ್ತನಾಲ್ಕರ ಬೋರ್ಗ್ ಹಳೆಯ ಮರದ ರ‍್ಯಾಕೆಟ್ ಹಿಡಿದೇ ಅಂಗಳಕ್ಕೆ ಇಳಿದ. ಅಷ್ಟರಲ್ಲಿ ಎಲ್ಲರ ಕೈಗೂ ಅಗಲ ಮುಖದ ಗ್ರಾಫೈಟ್ ರ‍್ಯಾಕೆಟ್ ಬಂದಾಗಿತ್ತು. ಸ್ಪೇನಿನ ಜೋರ್ಡಿ ಅರೆಸೆ 6–2, 6–3ರಿಂದ ಸುಲಭವಾಗಿ ಗೆದ್ದ. ಮುಂದೆ ಬೋರ್ಗ್ ಹೊಸ ರ‍್ಯಾಕೆಟ್ ಹಿಡಿದ, ಮತ್ತೆ ಮತ್ತೆ ಸೋತ. 1993ರ ನವೆಂಬರ್‌ನಲ್ಲಿ ಮಾಸ್ಕೊದಲ್ಲಿ ಅಲೆಕ್ಸಾಂಡರ್ ವೋಲ್ಕೊವ್ ವಿರುದ್ಧ ಕೊನೆಯ ಸೆಟ್ಟಿನ ಟೈಬ್ರೇಕರ್‌ವರೆಗೆ ಹೋರಾಡಿ ಸೋತದ್ದೇ ಕೊನೆ. ಆ ಮೂರು ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

2006ರಲ್ಲಿ ವಿಂಬಲ್ಡನ್ ಟ್ರೋಫಿಗಳನ್ನು ಲಂಡನ್ನಿನಲ್ಲಿ ಹರಾಜಿಗೆ ಇಡಲು ಬೋರ್ಗ್ ಹೊರಟ ಸುದ್ದಿ ಬಂದಾಗ ಮೊದಲು ಫೋನ್ ಮಾಡಿ ತರಾಟೆಗೆ ತೆಗೆದುಕೊಂಡವರಲ್ಲಿ ಹಳೆಯ ಎದುರಾಳಿ ಮೆಕೆನ್ರೋ ಒಬ್ಬ. ಹರಾಜು ನಿಂತಿತು. ಬೋರ್ಗ್ ಹೋದದ್ದರಿಂದ ಹೆಚ್ಚು ಕಳೆದುಕೊಂಡವನೂ ಮೆಕೆನ್ರೋನೇ. ಆಟ ಬಿಡಬೇಡವೆಂದು ಆತ ಬೋರ್ಗ್‌ನ ಬೆನ್ನುಹತ್ತಿದ್ದ. ಸಮಬಲದ ಎದುರಾಳಿ ಇಲ್ಲದೆ ತನ್ನ ಆಟದ ಕಿಚ್ಚೂ ಆರಿತೆಂದು ಮುಂದೆ ಒಪ್ಪಿಕೊಂಡ. 1984ರ ನಂತರ ಆತನಿಗೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಒಲಿಯಲಿಲ್ಲ.

ಅದೇ ಹಾದಿಯಲ್ಲಿ ಇಬ್ಬರು

ಬೋರ್ಗ್ ಬಿಟ್ಟು ಕಾಲು ಶತಮಾನದ ನಂತರ, 2008ರ ಮೇ 14ರಂದು, ಬೆಲ್ಜಿಯಂನ ಜಸ್ಟಿನ್ ಹೆನಿನ್ ವಿಶ್ವದ ಅಗ್ರಸ್ಥಾನದಲ್ಲಿ ಇರುವಾಗಲೇ ನಿವೃತ್ತಿ ಸಾರಿದಳು. ವಯಸ್ಸು ಇಪ್ಪತ್ತೈದು. ಹಿಂದಿನ ಮೂರೂ ವರ್ಷ ಗೆದ್ದಿದ್ದ ಫ್ರೆಂಚ್ ಓಪನ್‌ಗೆ ಇನ್ನು ಹನ್ನೆರಡು ದಿನಗಳೂ ಇರಲಿಲ್ಲ. ಮತ್ತೆ ಅವೇ ಗುಸುಗುಸು, ಅವೇ ಊಹೆ. 2010ರಲ್ಲಿ ಮರಳಿದವಳು ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದಳು. ಮೊಣಕೈ ಗಾಯ 2011ರ ಜನವರಿಯಲ್ಲಿ ಶಾಶ್ವತವಾಗಿ ಆಟ ಬಿಡಿಸಿತು.

2022ರ ಮಾರ್ಚ್ 23ರಂದು ಆಸ್ಟ್ರೇಲಿಯಾದ ಆಷ್ಲಿ ಬಾರ್ಟಿ ಸರದಿ. ಆಕೆಗೂ ಇಪ್ಪತ್ತೈದು, ಆಕೆಯೂ ಅಗ್ರಸ್ಥಾನದಲ್ಲಿ. ಎರಡು ತಿಂಗಳ ಹಿಂದಷ್ಟೇ ಆಸ್ಟ್ರೇಲಿಯನ್ ಓಪನ್ ಗೆದ್ದು ತವರಿನವರ 44 ವರ್ಷಗಳ ಕಾಯುವಿಕೆಯನ್ನು ಕೊನೆಗೊಳಿಸಿದ್ದಳು. ಗಾಲ್ಫ್‌ಗೆ ಹೋಗುತ್ತಾಳೆ, ಕ್ರಿಕೆಟ್‌ಗೆ ಹೋಗುತ್ತಾಳೆ, ವರ್ಷದೊಳಗೆ ಮರಳುತ್ತಾಳೆ ಎಂದರು ಜನ. ಆಕೆ ಮರಳಲಿಲ್ಲ. ಮದುವೆಯಾಗಿ ತಾಯಿಯಾದಳು.

ಬೋರ್ಗ್‌ಗೂ ಬಾರ್ಟಿಗೂ ಒಂದು ವ್ಯತ್ಯಾಸವಿದೆ. ಹದಿನೆಂಟರ ಪ್ರಾಯದಲ್ಲಿ, 2014ರಲ್ಲೇ, ಬಾರ್ಟಿ ಒಮ್ಮೆ ಟೆನಿಸ್ ಬಿಟ್ಟಿದ್ದಳು. ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿ, ಟೆನಿಸ್ ಇಲ್ಲದೆಯೂ ಬದುಕಿದೆ ಎಂಬುದನ್ನು ಕಂಡು 2016ರಲ್ಲಿ ಆಟಕ್ಕೆ ಮರಳಿದ್ದಳು. ಎರಡನೇ ಸಲ ಹೊರಟಾಗ ಹೊರಗಿನ ಲೋಕ ಆಕೆಗೆ ಅಪರಿಚಿತವಾಗಿರಲಿಲ್ಲ. ಬೋರ್ಗ್‌ಗೆ ಅಂಥ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ, ಆತನೂ ಕೇಳಿರಲಿಲ್ಲ. ಮಕ್ಕಳನ್ನು ಏಳೆಂಟು ವರ್ಷಕ್ಕೇ ಅಕಾಡೆಮಿಗೆ ಸೇರಿಸಿ ಚಾಂಪಿಯನ್ ಮಾಡಲು ಹೊರಡುವ ತಂದೆತಾಯಿಗಳು ಬೋರ್ಗ್‌ನ ಐದು ವಿಂಬಲ್ಡನ್‌ಗಳ ಜತೆಗೆ ಆ ನಂತರದ ಹತ್ತು ವರ್ಷಗಳನ್ನೂ ಓದಿಕೊಳ್ಳುವುದು ಒಳ್ಳೆಯದು.

ಆಟ ಆತನನ್ನು ಪೂರ್ತಿ ಕೈಬಿಡಲಿಲ್ಲ ಎಂಬುದು ಸಮಾಧಾನದ ಸಂಗತಿ. 2017ರಲ್ಲಿ ಲೇವರ್ ಕಪ್ ಆರಂಭವಾದಾಗ ಯುರೋಪ್ ತಂಡದ ನಾಯಕನಾಗಿ ಬೋರ್ಗ್, ಎದುರು ತಂಡದ ನಾಯಕನಾಗಿ ಮೆಕೆನ್ರೋ ಬಂದು ಕುಳಿತರು. 2024ರ ಪಂದ್ಯಗಳ ನಂತರ ಇಬ್ಬರೂ ಒಟ್ಟಿಗೇ ಹೊಣೆ ಬಿಟ್ಟುಕೊಟ್ಟರು. ಬೋರ್ಗ್‌ನ ಜಾಗಕ್ಕೆ ಬಂದದ್ದು 1982ರಲ್ಲಿ ಮಾಂಟೆಕಾರ್ಲೊದಲ್ಲಿ ಆತನನ್ನು ಸೋಲಿಸಿದ್ದ ಅದೇ ಯಾನಿಕ್ ನೋವಾ. ಈ ಸಲದ ವಿದಾಯಕ್ಕೆ ಮಾತ್ರ ಕಾರಣವೇನೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.