ಕೊಂದವರಾರು, ಮುರಿದುದು ಯಾವಾಗ?

ತನ್ನ ಹೆಸರಿನಲ್ಲಿಯೇ ಕೊಲೆಯ ಕಥೆಯೊಂದನ್ನು ಹೊತ್ತಿರುವ ಊರುಗಳು ಬಹಳವಿಲ್ಲ. ಬಾದಾಮಿ ಅಂಥದೊಂದು ಊರು. ಅದರ ಹಳೆಯ ಹೆಸರು ವಾತಾಪಿ. ಇಲ್ವಲ-ವಾತಾಪಿ ಎಂಬ ಅಣ್ಣತಮ್ಮಂದಿರ ಕಥೆ ಮಹಾಭಾರತದ ಅರಣ್ಯಪರ್ವದಲ್ಲಿದೆ. ಅಲ್ಲಿ ಓದದವರೂ ಅಜ್ಜಿಯ ಬಾಯಿಂದ ಕೇಳಿರುತ್ತಾರೆ. ತಮ್ಮನು ಟಗರಾಗುತ್ತಾನೆ, ಅಣ್ಣನು ಅದನ್ನು ಕೊಯ್ದು, ಅಡಿಗೆ ಮಾಡಿ, ಅತಿಥಿಗೆ ಉಪಚರಿಸಿ ಬಡಿಸುತ್ತಾನೆ, ಊಟವಾದ ಮೇಲೆ ತಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ. ಅತಿಥಿಯ ಹೊಟ್ಟೆಯನ್ನು ಸೀಳಿಕೊಂಡು ತಮ್ಮನು ಹೊರಬರುತ್ತಾನೆ. ಅಗಸ್ತ್ಯರು ಬಂದು ಉಂಡು ಅರಗಿಸಿಕೊಳ್ಳುವವರೆಗೆ ಈ ವ್ಯವಹಾರ ನಡೆದೇ ಇತ್ತು. ಗುಹಾಲಯಗಳ ಕೆಳಗಿನ ಕೆರೆಯನ್ನು ಜನ ಇಂದಿಗೂ ಅಗಸ್ತ್ಯತೀರ್ಥವೆಂದೇ ಕರೆಯುತ್ತಾರೆ. ಈ ಕಥೆಯಲ್ಲಿ ಕೊಲೆಯ ಆಯುಧವೆಂದರೆ ಊಟದ ಎಲೆ. ಪರಕೀಯನನ್ನು ಕೊಲ್ಲುವುದಕ್ಕೆ ಬಲ ಬೇಕು. ನಂಬಿ ಬಂದವನನ್ನು ಕೊಲ್ಲುವುದಕ್ಕೆ ಅವನ ನಂಬಿಕೆಯೇ ಸಾಕು.

ಈ ಮಾತು ನನ್ನ ಮನಸ್ಸಿಗೆ ಬಂದುದಕ್ಕೆ ಕಾರಣವಿದೆ. ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಕೊಲೆಯ ರಹಸ್ಯದ ಕಾದಂಬರಿಗಳು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿಯೂ ಕಾಣತೊಡಗಿವೆ. ಕರೆನ್ ಮ್ಯಾಕ್‌ಮ್ಯಾನಸ್ ಎಂಬ ಲೇಖಕಿ 2017ರಲ್ಲಿ ಬರೆದ ‘ಒನ್ ಆಫ್ ಅಸ್ ಈಸ್ ಲೈಯಿಂಗ್’ ಎಂಬ ಕಾದಂಬರಿಯಲ್ಲಿ ಶಾಲೆ ಬಿಟ್ಟ ಮೇಲೆ ಶಿಕ್ಷೆಗಾಗಿ ನಿಲ್ಲಿಸಿಕೊಂಡ ಐವರು ಹುಡುಗ ಹುಡುಗಿಯರಲ್ಲಿ ಒಬ್ಬನು ಸಾಯುತ್ತಾನೆ. ಸಹಪಾಠಿಗಳ ಗುಟ್ಟುಗಳನ್ನು ಊರಿಗೆಲ್ಲ ಹರಡುವುದು ಅವನ ಕಸುಬಾಗಿತ್ತು. ಡೊನ್ನಾ ಟಾರ್ಟ್ ಅವರ ‘ದ ಸೀಕ್ರೆಟ್ ಹಿಸ್ಟರಿ’ (1992) ಸ್ವಲ್ಪ ದೊಡ್ಡವರ ಪುಸ್ತಕ. ಅಲ್ಲಿ ಕಾಲೇಜಿನ ಗೆಳೆಯರ ಗುಂಪೊಂದು ತಮ್ಮವನೊಬ್ಬನನ್ನು ಕೊಂದಿತೆಂಬುದನ್ನು ಕಥೆಗಾರ್ತಿ ಆರಂಭದಲ್ಲಿಯೇ ಹೇಳಿಬಿಡುತ್ತಾರೆ. ಕೊಂದವರು ಯಾರೆಂದು ಮೊದಲೇ ತಿಳಿದ ಓದುಗ, ಇಷ್ಟು ಪ್ರೀತಿಯವರು ಇಲ್ಲಿಗೆ ಹೇಗೆ ಬಂದು ಮುಟ್ಟಿದರೆಂದು ತಿಳಿಯಲು ಪುಟಗಳನ್ನು ತಿರುವುತ್ತಾನೆ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಓದುಗವರ್ಗವನ್ನು ಗಳಿಸಿಕೊಟ್ಟವರು ಎನ್. ನರಸಿಂಹಯ್ಯನವರು. 1950ರ ದಶಕದಿಂದ ಮೊದಲುಗೊಂಡು 500ಕ್ಕೂ ಮಿಕ್ಕಿ ಕಾದಂಬರಿಗಳನ್ನು ಅವರು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ನೆಚ್ಚಿಕೊಂಡು ಕನ್ನಡ ಓದಲು ಕಲಿತವರೂ ಉಂಟು. ಆ ಬಗೆಯ ಕಥೆಯಲ್ಲಿ ನಮ್ಮ ಕಣ್ಣು ಪತ್ತೇದಾರನ ಮೇಲಿರುತ್ತದೆ. ಅಪರಾಧಿ ಸಿಕ್ಕಿಬಿದ್ದಾಗ ಮನಸ್ಸು ಹಗುರಾಗುತ್ತದೆ. ಗೆಳೆಯರೊಳಗಿನ ಕೊಲೆಯ ಕಥೆಯಲ್ಲಿ ಅಪರಾಧಿ ಸಿಕ್ಕಿಬಿದ್ದಾಗ ಮನಸ್ಸು ಇನ್ನಷ್ಟು ಭಾರವಾಗುತ್ತದೆ.

ಆದುದರಿಂದಲೇ ಹಿರಿಯರು ಆಕ್ಷೇಪಿಸುತ್ತಾರೆ: ಎಳೆಯ ಮನಸ್ಸುಗಳಿಗೆ ಇಂಥ ಕತ್ತಲೆಯ ಕಥೆಗಳೇಕೆ? ಪ್ರಶ್ನೆ ಸಾಧುವಾದುದೇ. ಆದರೆ ಇದು ಪಶ್ಚಿಮದಿಂದ ಬಂದ ಹೊಸ ಪಿಡುಗೆಂದು ತಿಳಿಯುವುದು ಸರಿಯಲ್ಲ. ಗೆಳೆತನವನ್ನು ಒಡೆದು ಕೊಲೆಯಲ್ಲಿ ಮುಗಿಸುವ ಕಥೆಯನ್ನು, ಅದೂ ತರುಣರ ಶಿಕ್ಷಣಕ್ಕೆಂದು ಹುಟ್ಟಿದ ಕಥೆಯನ್ನು, ಕನ್ನಡಕ್ಕೆ ತಂದವನು ಈ ಮಲಪ್ರಭೆಯ ಸೀಮೆಯವನೇ.

ಸಂಧಿವಿಗ್ರಹಿಯ ಕಥೆ

ದುರ್ಗಸಿಂಹನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನಲ್ಲಿ ಅವನು ಸಂಧಿವಿಗ್ರಹಿಯಾಗಿದ್ದನು. ತನ್ನ ಊರು ಕಿಸುಕಾಡುನಾಡಿನ ಸಯ್ಯಡಿಯೆಂದು ಅವನೇ ಹೇಳಿಕೊಂಡಿದ್ದಾನೆ. ಕಿಸುಕಾಡೆಂದರೆ ಕಿಸುವೊಳಲಿನ, ಅಂದರೆ ಇಂದಿನ ಪಟ್ಟದಕಲ್ಲಿನ ಸುತ್ತಣ ನಾಡು. ಅಲ್ಲಿಯ ಕೆಂಪು ಕಲ್ಲನ್ನು ಕಂಡವರಿಗೆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 1031ರಲ್ಲಿ ಅವನು ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಎಲ್ಲರಿಗೂ ಪರಿಚಿತವಾದ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅವನು ಅನುಸರಿಸಿದನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳಲ್ಲಿ ಮೊದಲನೆಯದೇ ಭೇದ. ಕೂಡಿಸುವುದನ್ನೂ ಒಡೆಯುವುದನ್ನೂ ವೃತ್ತಿಯಾಗಿ ಬಲ್ಲ ಮಂತ್ರಿಯ ಗ್ರಂಥ ಒಡಕಿನ ಕಥೆಯಿಂದಲೇ ಮೊದಲಾಗುವುದು ನನಗೆ ಬಹಳ ಉಚಿತವಾಗಿ ಕಾಣುತ್ತದೆ.

ಮೂಲ ಕಥೆ ಎಲ್ಲರಿಗೂ ಗೊತ್ತಿದೆ. ಕಾಡಿನಲ್ಲಿ ಕೈಬಿಟ್ಟ ಸಂಜೀವಕನೆಂಬ ಎತ್ತು ಹಸಿರು ಮೇದು ಕೊಬ್ಬಿ ಗುಟುರು ಹಾಕುತ್ತದೆ. ಪಿಂಗಳಕನೆಂಬ ಸಿಂಹ ಆ ದನಿಗೆ ಹೆದರುತ್ತದೆ. ದಮನಕನೆಂಬ ನರಿ ನಡುವೆ ನಿಂತು ಇಬ್ಬರಿಗೂ ಗೆಳೆತನ ಮಾಡಿಸುತ್ತದೆ. ಗೆಳೆತನ ಬೆಳೆದು ಸಿಂಹಕ್ಕೆ ಬೇಟೆಯ ನೆನಪೂ ಪರಿವಾರದ ನೆನಪೂ ಹೋದಾಗ, ಸೇರಿಸಿದವನೇ ಒಡೆಯಲು ಹೊರಡುತ್ತಾನೆ.

ಒಡೆಯುವ ರೀತಿಯನ್ನು ಗಮನವಿಟ್ಟು ನೋಡಬೇಕು. ದಮನಕನು ಸಿಂಹದ ಬಳಿಗೆ ಹೋಗಿ, ಎತ್ತು ನಿನ್ನನ್ನು ಕೊಲ್ಲಲು ಬಗೆದಿದೆ. ಕೊಂಬು ಬಾಗಿಸಿ, ಓರೆಗಣ್ಣಿನಿಂದ ನೋಡುತ್ತ ಬಂದರೆ ನನ್ನ ಮಾತು ನಿಜವೆಂದು ತಿಳಿ, ಎನ್ನುತ್ತಾನೆ. ಎತ್ತಿನ ಬಳಿಗೆ ಹೋಗಿ, ಸಿಂಹ ನಿನ್ನನ್ನು ತಿನ್ನಲು ಬಗೆದಿದೆ. ಕಿವಿ ನಿಮಿರಿಸಿ, ಬಾಲವೆತ್ತಿ ಕುಳಿತಿದ್ದರೆ ನನ್ನ ಮಾತು ನಿಜವೆಂದು ತಿಳಿ, ಎನ್ನುತ್ತಾನೆ. ಹೆದರಿದ ಎತ್ತು ಕೊಂಬು ಬಾಗಿಸದೆ ಹೇಗೆ ಬಂದೀತು? ಶಂಕೆಗೊಂಡ ಸಿಂಹ ಕಿವಿ ನಿಮಿರಿಸದೆ ಹೇಗೆ ಕುಳಿತೀತು? ಇಬ್ಬರಿಗೂ ಸಾಕ್ಷ್ಯ ದೊರೆಯಿತು, ಇಬ್ಬರೂ ಕಂಡುದು ನಿಜವೇ. ಕಣ್ಣು ತಪ್ಪಲಿಲ್ಲ, ಕಂಡುದಕ್ಕೆ ಅರ್ಥವನ್ನು ಮಾತ್ರ ಬೇರೆಯವನು ಮೊದಲೇ ಬರೆದಿಟ್ಟಿದ್ದನು. ಸಿಂಹ ಎತ್ತನ್ನು ಕೊಂದಿತು.

ಪತ್ತೇದಾರಿ ಕಥೆಗಳಲ್ಲಿ ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸುವ ಚತುರರನ್ನು ನಾನು ಬಹಳ ಕಂಡಿದ್ದೇನೆ. ನಿಜವಾದ ಸಾಕ್ಷ್ಯವನ್ನು ಬಲಿಯಾಗುವವನ ಮೈಮೇಲೆಯೇ ಮೂಡಿಸುವ ಈ ಚಾತುರ್ಯಕ್ಕೆ ಸಾಟಿಯಾದುದನ್ನು ಬೇರೆಡೆ ಕಂಡಿಲ್ಲ. ಇದು ಕಾಡಿನ ಮಾತಷ್ಟೇ ಅಲ್ಲವೆಂಬುದು ಯಾವ ಶಾಲೆಯ ಅಧ್ಯಾಪಕರಿಗೂ ಗೊತ್ತು. ‘ಅವಳು ನಿನ್ನ ಮೇಲೆ ಹೀಗೆ ಅಂದಳು, ಬೇಕಾದರೆ ನೋಡು, ನಾಳೆ ನಿನ್ನ ಸಂಗಡ ಮಾತಾಡುವುದಿಲ್ಲ’ ಎಂದು ಒಬ್ಬಳ ಕಿವಿಯಲ್ಲಿ, ಅದೇ ಮಾತು ಇನ್ನೊಬ್ಬಳ ಕಿವಿಯಲ್ಲಿ. ಮರುದಿನ ಇಬ್ಬರೂ ಮಾತಾಡುವುದಿಲ್ಲ. ಇಂದು ಈ ಕೆಲಸಕ್ಕೆ ನರಿ ಕಾಡು ಸುತ್ತಬೇಕಾಗಿಲ್ಲ. ಅಂಗೈಯಲ್ಲಿರುವ ಫೋನು ಸಾಕು. ಕಳುಹಿದ ಸಂದೇಶವನ್ನು ಗೆಳೆಯನು ನೋಡಿಯೂ ಉತ್ತರಿಸದಿದ್ದರೆ, ನಿಮಿರಿದ ಕಿವಿ ಕಂಡಂತೆಯೇ ಸರಿ.

ಈ ಕಥೆಯಲ್ಲಿ ಇನ್ನೊಂದು ನರಿಯಿದೆ, ಕರಟಕ. ಅವನಿಗೆ ಎಲ್ಲವೂ ಗೊತ್ತು. ಗೆಳೆಯನಿಗೆ ಬುದ್ಧಿ ಹೇಳುತ್ತಾನೆ, ನೀತಿ ಹೇಳುತ್ತಾನೆ, ಕಥೆಯ ಮೇಲೆ ಕಥೆ ಹೇಳುತ್ತಾನೆ. ಸಿಂಹದ ಬಳಿಗೆ ಹೋಗಿ ನಿಜ ಹೇಳುವುದೊಂದನ್ನು ಮಾತ್ರ ಮಾಡುವುದಿಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬ ದಮನಕನಿರಲಾರನು, ಆದರೆ ಹತ್ತು ಮಂದಿ ಕರಟಕರಿರುತ್ತಾರೆ.

ಸಂಸ್ಕೃತದ ಪ್ರಸಿದ್ಧ ಪಾಠಗಳಲ್ಲಿ ದಮನಕನಿಗೆ ಶಿಕ್ಷೆಯಾಗುವುದಿಲ್ಲ. ಸಿಂಹದ ಶೋಕವನ್ನು ಸಮಾಧಾನಗೊಳಿಸಿ ಅವನು ಮಂತ್ರಿಯಾಗಿಯೇ ಉಳಿಯುತ್ತಾನೆ. ಈ ಕಥೆ ಆರನೆಯ ಶತಮಾನದಲ್ಲಿ ಪಾರಸಿಕರ ಪಹ್ಲವಿ ಭಾಷೆಗೂ ಎಂಟನೆಯ ಶತಮಾನದಲ್ಲಿ ಅರಬ್ಬಿಗೂ ಹೋಯಿತು. ಅರಬ್ಬಿಗೆ ತಂದ ಇಬ್ನ್ ಅಲ್-ಮುಕಫ್ಫನಿಗೆ ಈ ಮುಕ್ತಾಯ ಸಹನೆಯಾಗಲಿಲ್ಲವೆಂದು ತೋರುತ್ತದೆ. ‘ಕಲೀಲ ವ ದಿಮ್ನ’ದಲ್ಲಿ ದಿಮ್ನನ ವಿಚಾರಣೆಯೆಂಬ ಒಂದು ಅಧ್ಯಾಯವೇ ಹೆಚ್ಚಾಗಿ ಸೇರಿದೆ. ಎರಡು ನರಿಗಳೂ ಗುಟ್ಟಾಗಿ ಆಡಿಕೊಂಡ ಮಾತು ಚಿರತೆಯ ಕಿವಿಗೆ ಬೀಳುತ್ತದೆ, ಸಿಂಹದ ತಾಯಿಗೆ ಮುಟ್ಟುತ್ತದೆ, ವಿಚಾರಣೆ ನಡೆದು ಅಪರಾಧಿಗೆ ಮರಣವಾಗುತ್ತದೆ. ನ್ಯಾಯ ದೊರೆಯಿತೆಂದು ನಾವು ಸಂತೋಷಪಡಬಹುದು. ಆದರೆ ಸಂಜೀವಕ ಮರಳಿ ಬರಲಿಲ್ಲ. ನಮ್ಮವರು ಉಳಿಸಿಕೊಂಡ ಮುಕ್ತಾಯ ಕ್ರೂರವಾದುದು, ಜೀವನಕ್ಕೆ ಹತ್ತಿರವಾದುದು.

ಆಲದ ಮರದ ಸಾಕ್ಷಿ

ಪಂಚತಂತ್ರದ ಇದೇ ಭಾಗಕ್ಕೆ ಸೇರಿದ ಮತ್ತೊಂದು ಕಥೆಯನ್ನು ದುರ್ಗಸಿಂಹನ ಮಾತಿನಲ್ಲಿ ಹತ್ತನೆಯ ತರಗತಿಯ ಮಕ್ಕಳು ‘ವೃಕ್ಷಸಾಕ್ಷಿ’ ಎಂಬ ಪಾಠವಾಗಿ ಓದಿದ್ದಾರೆ. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬಿಬ್ಬರು ವೈಶ್ಯಪುತ್ರರು ಕೂಡಿ ಪರದೇಶಕ್ಕೆ ಹೋಗಿ ಹೊನ್ನು ಗಳಿಸಿ ಬಂದು, ಆಲದ ಮರದ ಬುಡದಲ್ಲಿ ಹೂಳುತ್ತಾರೆ. ಒಬ್ಬನು ಇರುಳಿನಲ್ಲಿ ಬಂದು ಎಲ್ಲವನ್ನೂ ಕದ್ದು, ಗೆಳೆಯನ ಮೇಲೆಯೇ ಕಳವಿನ ಆರೋಪ ಹೊರಿಸುತ್ತಾನೆ. ನ್ಯಾಯಾಧಿಕಾರಿಗಳು ಸಾಕ್ಷಿ ಕೇಳಿದರೆ, ಆಲದ ಮರವೇ ಸಾಕ್ಷಿಯೆನ್ನುತ್ತಾನೆ. ತಂದೆ ಪ್ರೇಮಮತಿಯನ್ನು ಮರದ ಪೊಟರೆಯಲ್ಲಿ ಅಡಗಿಸಿ ನುಡಿಸುವುದು ಅವನ ಹಂಚಿಕೆ. ಇದು ಕುಲವನ್ನೇ ಅಳಿಸುವ ಯೋಚನೆಯೆಂದು ತಂದೆ ಎಚ್ಚರಿಸುತ್ತಾನೆ. ಎಚ್ಚರಿಸಿಯೂ ಮಗನ ಮಾತಿಗೆ ಒಪ್ಪುತ್ತಾನೆ. ಮರುದಿನ ಮರ ಮಾತಾಡುತ್ತದೆ. ಎಲ್ಲರೂ ಬೆರಗಾಗಿ ನಿಂತಾಗ ಧರ್ಮಬುದ್ಧಿಯೊಬ್ಬನು ಮರವನ್ನು ಸುತ್ತಿ ನೋಡುತ್ತಾನೆ, ಪೊಟರೆಯನ್ನು ಕಾಣುತ್ತಾನೆ, ಹೊಗೆಯಿಕ್ಕುತ್ತಾನೆ. ಮುದುಕನು ಕೆಳಗುರುಳಿ ಸಾಯುತ್ತಾನೆ.

ಕನ್ನಡದ ಪುರಾತನ ಪತ್ತೇದಾರಿ ಕಥೆಗಳಲ್ಲಿ ಒಂದೆಂದು ಇದನ್ನು ಧಾರಾಳವಾಗಿ ಕರೆಯಬಹುದು. ಎಲ್ಲರೂ ದೇವತೆಯ ದನಿಯನ್ನು ಕೇಳುತ್ತಿದ್ದಾಗ ಮರದ ಸುತ್ತ ಒಂದು ಸಲ ತಿರುಗಿ ನೋಡಿದವನೇ ಪತ್ತೇದಾರ. ಆದರೆ ಪಾಠ ಮುಗಿದ ಮೇಲೆ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಪ್ರೇಮಮತಿಯನ್ನು ಕೊಂದವರಾರು? ಬೆಂಕಿಯಿಟ್ಟ ಕೈ ಸಜ್ಜನನದು. ಪೊಟರೆಯಲ್ಲಿ ಕೂರಿಸಿದ ಕೈ ಮಗನದು. ತಿಳಿದೂ ಹೋಗಿ ಕುಳಿತವನು ಮುದುಕನೇ. ಗೆಳೆತನ ಮುರಿದ ಬಳಿಕ ಮೊದಲು ಬಿದ್ದ ಹೆಣ ಗೆಳೆಯರಿಬ್ಬರದೂ ಅಲ್ಲ, ಮನೆಯ ಹಿರಿಯನದು.

ಈ ಇಬ್ಬರು ವೈಶ್ಯಪುತ್ರರನ್ನು ನೆನೆದಾಗ ನನಗೆ ಹುನಗುಂದದ ಸೀಮೆಯ ಐಹೊಳೆ ನೆನಪಾಗುತ್ತದೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ ದಕ್ಷಿಣದೇಶವನ್ನೆಲ್ಲ ವ್ಯಾಪಿಸಿ, ಕಡಲಾಚೆಗೂ ವ್ಯಾಪಾರ ಮಾಡಿತು. ದೂರದ ಊರಿಗೆ ಸರಕು ಕಳುಹಿಸುವವನಿಗೆ ಜೊತೆಗಾರನ ಮಾತೇ ಬಂಡವಾಳ. ಅಂಥ ನಾಡಿನ ಕೇಳುಗನಿಗೆ ಹೂಳಿಟ್ಟ ಹೊನ್ನನ್ನು ಜೊತೆಗಾರ ಕದ್ದನೆಂಬುದು ನೀತಿಕಥೆಗಿಂತ ಹೆಚ್ಚಿನದಾಗಿ, ನಿತ್ಯದ ಭಯವಾಗಿ ತೋರಿರಬೇಕು.

ಶಾಸನ ಹೇಳದ ಮಾತು

ಅದೇ ಐಹೊಳೆಯ ಮೇಗುತಿಯ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೇಳುವ ಆ ಶಾಸನ ಬಾದಾಮಿಯ ಅರಮನೆಯೊಳಗಿನ ಒಂದು ಕೊಲೆಯನ್ನೂ ದಾಖಲಿಸಿದೆ. ಪುಲಕೇಶಿ ಇನ್ನೂ ಎಳೆಯನಾಗಿದ್ದಾಗ ಪಟ್ಟವೇರಿದ ಚಿಕ್ಕಪ್ಪ ಮಂಗಳೇಶ, ಅದನ್ನು ತನ್ನ ಮಗನಿಗೆ ಉಳಿಸಲು ಹೋಗಿ ಆ ಪ್ರಯತ್ನವನ್ನೂ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡನೆಂದು ಕವಿ ಹೇಳುತ್ತಾನೆ. ಸುಮಾರು 610ರ ಮಾತಿದು. ತರುಣನೊಬ್ಬನು ತನ್ನನ್ನು ಎತ್ತಿ ಆಡಿಸಿರಬಹುದಾದವನ ಎದುರು ಸೈನ್ಯ ಕಟ್ಟಿ ನಿಂತ ಆ ದಿನಕ್ಕೆ ಮೊದಲು ಯಾರು ಯಾರ ಕಿವಿಯಲ್ಲಿ ಏನು ಹೇಳಿದರು? ಗೆದ್ದವನ ಆಸ್ಥಾನಕವಿಗೆ ಅದು ಬೇಕಾಗಿರಲಿಲ್ಲ. ಶಾಸನ ಯಾರು ಗೆದ್ದರೆಂದು ಹೇಳುತ್ತದೆ. ಒಡಕು ಎಲ್ಲಿ ಮೊದಲಾಯಿತೆಂದು ಹುಡುಕುವ ಕೆಲಸ ಕಥೆಗೆ ಉಳಿಯುತ್ತದೆ.

ಆ ಹುಡುಕಾಟ ಎಂಥದೆಂದು ಇಳಕಲ್ಲಿನ ನೇಕಾರರು ಸುಲಭವಾಗಿ ಅರಿತಾರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಉಟ್ಟವರ ಕಣ್ಣಿಗೆ ಕೆಂಪು ಸೆರಗು ಕಾಣುತ್ತದೆ, ಕೊಂಡಿ ಕಾಣುವುದಿಲ್ಲ. ಗೆಳೆತನವೂ ಬೇರೆ ಬೇರೆ ನೂಲುಗಳನ್ನು ಹೀಗೆ ಕೂಡಿಸಿದ್ದೇ. ಕೊಲೆ ನಡೆದ ದಿನ ಲೋಕಕ್ಕೆ ಸೀರೆ ಹರಿದದ್ದು ಕಾಣುತ್ತದೆ. ಮೊದಲ ಕೊಂಡಿ ಬಿಚ್ಚಿದ ಗಳಿಗೆ ಯಾವುದೆಂದು ಒಳ್ಳೆಯ ಕಾದಂಬರಿಕಾರ ಹುಡುಕುತ್ತಾನೆ.

ಅಗಲಿಕೆ ಬೇರೆ, ಮುರಿಯುವುದು ಬೇರೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ಬಂದಾಗ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದ ಎಷ್ಟೋ ಮನೆಗಳು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚದರಿಹೋದವು. ನೀರು ಓಣಿಯನ್ನು ನುಂಗಬಲ್ಲುದು. ಗೆಳೆತನವನ್ನು ಮುರಿಯಲು ಮನುಷ್ಯನ ಮಾತೇ ಬೇಕು.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸಾಧುವಿಗೆ ಸಾಧುವಾಗಿ, ಬಾಧಿಸುವವನಿಗೆ ಕಾಲಸ್ವರೂಪನಾಗಿ ಇದ್ದ ವೀರನ ಬಣ್ಣನೆ ಅದು. ಆ ಬಾಳು ದೊಡ್ಡದು. ಆದರೆ ಎದುರಿಗಿರುವವನು ಸಾಧುವೋ ಬಾಧಕನೋ ಎಂದು ಮೊದಲು ತಿಳಿದಿರಬೇಕಲ್ಲವೆ? ಪಿಂಗಳಕನಿಗೂ ಶೌರ್ಯಕ್ಕೆ ಕೊರತೆಯಿರಲಿಲ್ಲ. ಎತ್ತಿನ ಬಳಿಗೆ ತಾನೇ ನಡೆದುಹೋಗಿ ‘ಇದು ನಿಜವೇನಪ್ಪಾ?’ ಎಂದು ಕೇಳುವ ಒಂದು ಮಾತಿಗೆ ಮಾತ್ರ ಅವನಲ್ಲಿ ಧೈರ್ಯ ಸಾಲಲಿಲ್ಲ.

ಆದುದರಿಂದ ಅಧ್ಯಾಪಕಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗರ ಕೈಯಿಂದ ಆ ಪುಸ್ತಕಗಳನ್ನು ಕಸಿದುಕೊಳ್ಳಬೇಡಿ. ಅವರು ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಸತ್ತವನೂ ಕೊಂದವನೂ ಒಬ್ಬರನ್ನೊಬ್ಬರು ನೇರವಾಗಿ ಕೇಳಬಹುದಾಗಿದ್ದ ಕಡೆಯ ಪುಟ ಯಾವುದೆಂದು ಕೇಳಿರಿ. ಆ ಪುಟವನ್ನು ತೋರಿಸಬಲ್ಲ ಹುಡುಗನು ನಾಳೆ ತನ್ನ ಗೆಳೆಯನ ಮನೆಯ ಬಾಗಿಲನ್ನು ತಟ್ಟಿ ಕೇಳಲೂ ಬಲ್ಲನು.