ಕುತ್ತಿಗೆ ನೋವು ಮತ್ತು ಅದರ ಚಿಕಿತ್ಸೆ

ನೀರಿನ ಕೊಡ, ಹುಲ್ಲಿನ ಹೊರೆ, ಸೌದೆ, ಗೊಬ್ಬರದ ಬುಟ್ಟಿ ಇವೆಲ್ಲವನ್ನೂ ನಮ್ಮ ಹಳ್ಳಿಗಳಲ್ಲಿ ತಲೆಯ ಮೇಲೆಯೇ ಹೊರುವುದು ವಾಡಿಕೆ. ವಯಸ್ಕರ ತಲೆಯೇ ಸುಮಾರು 4ರಿಂದ 5 ಕಿಲೋಗ್ರಾಂ ತೂಗುತ್ತದೆ. ಅದರ ಮೇಲೆ ತುಂಬಿದ ಕೊಡವನ್ನಿರಿಸಿದಾಗ ಆ ಭಾರವೂ ಕುತ್ತಿಗೆಗೇ ಸೇರುತ್ತದೆ.

ಕುತ್ತಿಗೆಯಲ್ಲಿ ಬೆನ್ನೆಲುಬಿನ 7 ಮಣಿಗಳಿವೆ. ಮೇಲಿನ ಮೊದಲೆರಡನ್ನು ಬಿಟ್ಟರೆ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿರುತ್ತವೆ. ಇವನ್ನೇ ವೈದ್ಯರು ಡಿಸ್ಕ್ ಎನ್ನುವುದು. ಮಣಿಗಳೊಳಗಿನ ಕಾಲುವೆಯಲ್ಲಿ ಮಿದುಳಿನಿಂದ ಇಳಿದುಬರುವ ಬೆನ್ನುಹುರಿಯಿದೆ. ಅದರಿಂದ ಕವಲೊಡೆದ ನರಗಳು ತೋಳುಗಳಿಗೆ ಹೋಗುತ್ತವೆ. ಆದುದರಿಂದಲೇ ಕುತ್ತಿಗೆಯ ದೋಷವು ಕೈಯಲ್ಲಿ ಕಾಣಿಸಿಕೊಳ್ಳುವುದುಂಟು.

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಳ್ಳುವುದು ಬಹುಮಟ್ಟಿಗೆ ಸ್ನಾಯುಗಳ ಸೆಳೆತ. ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ವಯಸ್ಸಾದಂತೆ ಬಿಲ್ಲೆಗಳು ಒಣಗಿ, ಮಣಿಗಳ ಅಂಚಿನಲ್ಲಿ ಎಲುಬು ಬೆಳೆಯುವುದಕ್ಕೆ ಸ್ಪಾಂಡಿಲೋಸಿಸ್ ಎಂದು ಹೆಸರು. ಈ ಹೆಸರನ್ನು ಕೇಳಿಯೇ ಅನೇಕರು ಎದೆಗುಂದುತ್ತಾರೆ. ಕೂದಲು ನರೆಯುವಂತೆ ಇದೂ ಸಹಜವಾದ ಸವೆತ. ನೋವೇ ಇಲ್ಲದವರ ಎಕ್ಸ್-ರೇಯಲ್ಲಿಯೂ ಕಂಡುಬರುತ್ತದೆ. ಪ್ರತಿಯೊಂದು ಕುತ್ತಿಗೆ ನೋವಿಗೂ ಎಕ್ಸ್-ರೇ ಬೇಕೆಂದು ಹಟ ಹಿಡಿಯುವುದು ವೃಥಾ ವೆಚ್ಚ. ಬಿಲ್ಲೆ ಜಾರಿ ನರವನ್ನು ಒತ್ತಿದಾಗ ನೋವು ತೋಳಿಗಿಳಿದು ಬೆರಳುಗಳು ಜೋಮು ಹಿಡಿಯುತ್ತವೆ. ಇದೂ ಬಹಳ ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕಡಿಮೆಯಾಗುತ್ತದೆ.

ಸಾಮಾನ್ಯ ನೋವಿದ್ದಾಗ ಕೆಲವು ದಿನ ಭಾರ ಹೊರುವುದನ್ನು ನಿಲ್ಲಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಬೇಕು. ಆ ದಿನಗಳಲ್ಲಿ ಕೊಡವನ್ನು ಪತಿಯೇ ತರಲಿ. ಇದೂ ಚಿಕಿತ್ಸೆಯ ಭಾಗವೇ. ಹಾಸಿಗೆ ಹಿಡಿಯುವುದು ಸಲ್ಲದು. ಸಹಿಸುವಷ್ಟರ ಮಟ್ಟಿಗೆ ಕತ್ತನ್ನು ಮೆಲ್ಲನೆ ಆಡಿಸುತ್ತಿರಬೇಕು. ಕೊರಳಪಟ್ಟಿಯನ್ನು ತಿಂಗಳುಗಟ್ಟಲೆ ಧರಿಸಿದರೆ ಸ್ನಾಯುಗಳು ದುರ್ಬಲವಾಗುತ್ತವೆ. ಅಂಗಡಿಯ ನೋವಿನ ಮಾತ್ರೆಗಳನ್ನು ದಿನವೂ ನುಂಗುವುದರಿಂದ ಹೊಟ್ಟೆಹುಣ್ಣು ಆಗಬಹುದು, ಮೂತ್ರಪಿಂಡಗಳು ಕೆಡಬಹುದು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಕ್ಷೌರದಂಗಡಿಯಲ್ಲಿ ಕತ್ತನ್ನು ಹಠಾತ್ತನೆ ತಿರುವಿ ನೆಟಿಗೆ ಮುರಿಸುವ ಚಪಲವನ್ನು ಬಿಡತಕ್ಕದ್ದು. ಅಪರೂಪಕ್ಕಾದರೂ ಮಿದುಳಿಗೆ ರಕ್ತವನ್ನೊಯ್ಯುವ ನಾಳ ಸೀಳಿ ಪಾರ್ಶ್ವವಾಯು ತಗಲುವುದುಂಟು. ಬರೆ ಹಾಕಿಸುವುದರಿಂದ ಚರ್ಮ ಸುಡುತ್ತದೆಯೇ ಹೊರತು ರೋಗ ಹೋಗದು.

ನಿಜವಾಗಿ ಅಂಜಬೇಕಾದುದು ಬೆನ್ನುಹುರಿಯ ಮೇಲೆಯೇ ಒತ್ತಡ ಬಿದ್ದಾಗ. ವಿಚಿತ್ರವೆಂದರೆ ಇದರಲ್ಲಿ ನೋವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಗುಂಡಿ ಹಾಕಲು, ಅನ್ನ ಕಲಸಲು, ಹೂ ಕಟ್ಟಲು ಬೆರಳುಗಳು ಒದಗವು. ಪಾತ್ರೆ ಕೈಜಾರುತ್ತದೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲು ತಡವರಿಸುತ್ತದೆ. ಕ್ರಮೇಣ ಮೂತ್ರದ ಹತೋಟಿ ತಪ್ಪುತ್ತದೆ. ಇದನ್ನು ಸೋಮಾರಿತನವೆಂದೋ, ವಾಯುವೆಂದೋ ಮನೆಯವರು ಕಡೆಗಣಿಸುವುದೇ ಹೆಚ್ಚು. ಪತ್ನಿಯಲ್ಲಾಗುವ ಇಂತಹ ಬದಲಾವಣೆ ಪತಿಯ ಕಣ್ಣಿಗೂ, ಪತಿಯದು ಪತ್ನಿಯ ಕಣ್ಣಿಗೂ ಮೊದಲು ಬೀಳುತ್ತದೆ. ಕಂಡ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು. ಇಂತಹವರಿಗೆ ಎಂ.ಆರ್.ಐ. ಪರೀಕ್ಷೆ ಅಗತ್ಯ, ಬಹಳಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. “ಆಪರೇಷನ್ ಮಾಡಿಸಿದರೆ ಕೈಕಾಲು ಬಿದ್ದುಹೋಗುತ್ತದೆ” ಎಂಬ ಭಯದಿಂದ ಮುಂದೂಡುವವರೇ ಕೊನೆಗೆ ಕೈಕಾಲು ಕಳೆದುಕೊಳ್ಳುವ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ ಹಾನಿ ಮುಂದುವರಿಯದಂತೆ ತಡೆಯುವುದು. ಕಳೆದುಹೋದ ಶಕ್ತಿಯೆಲ್ಲ ಮರಳುವ ಭರವಸೆಯನ್ನು ಯಾರೂ ಕೊಡಲಾರರು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ವಾರಗಟ್ಟಲೆ ಬಿಡದ ನೋವು, ಸಂಜೆಯ ಜ್ವರ, ಇಳಿಯುವ ತೂಕ ಇವು ಕೂಡಿದ್ದರೆ ಬೆನ್ನೆಲುಬಿನ ಕ್ಷಯವಿರಬಹುದು; ಇದರ ಔಷಧಿ ಸರ್ಕಾರದಿಂದ ಉಚಿತ. ತೀವ್ರ ಜ್ವರ, ತಲೆನೋವುಗಳೊಡನೆ ಕತ್ತು ಸೆಟೆದುಕೊಂಡರೆ ಮರುದಿನದವರೆಗೆ ಕಾಯಬಾರದು.

ತೆಂಗಿನ ಮರದಿಂದಲೋ ಬಂಡಿಯಿಂದಲೋ ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸುವ ಆತುರ ಬೇಡ. ಕುತ್ತಿಗೆಯ ಎಲುಬು ಮುರಿದಿದ್ದಲ್ಲಿ ಆ ಒಂದು ಅಲುಗಾಟವೇ ಬೆನ್ನುಹುರಿಗೆ ಪೆಟ್ಟಾದೀತು. ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದಿದ್ದು, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಸಾಗಿಸಲೇಬೇಕಾದ ಪ್ರಸಂಗ ಬಂದಲ್ಲಿ ನಾಲ್ಕಾರು ಜನರು ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಎತ್ತಿ ಅಗಲವಾದ ಹಲಗೆಯ ಮೇಲೆ ಮಲಗಿಸತಕ್ಕದ್ದು.