ಕಡಲ ಮೀನಿನ ಪಾಲುಪಟ್ಟಿ

ಮಲ್ಪೆಯ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೆಳಗಿನ ಹೊತ್ತು ನೀವು ನಿಂತಿದ್ದೀರಿ ಎಂದುಕೊಳ್ಳಿ. ಬೋಟಿನಿಂದ ಇಳಿದ ಬುಟ್ಟಿಗಳಲ್ಲಿ ಬಂಗುಡೆ ಹೊಳೆಯುತ್ತಿದೆ. ಈ ಬಂಗುಡೆ ಯಾವ ರಾಜ್ಯದ್ದು ಎಂದು ಯಾರಾದರೂ ಕೇಳಿದರೆ ಏನೆಂದು ಉತ್ತರಿಸುವಿರಿ? ಹಿಡಿದವರು ನಮ್ಮವರು, ಇಳಿಸಿದ್ದು ನಮ್ಮ ಬಂದರಿನಲ್ಲಿ, ಆದ್ದರಿಂದ ನಮ್ಮದೇ ಎನ್ನಬಹುದು. ಆದರೆ ಆ ಮೀನು ಮೊಟ್ಟೆಯೊಡೆದು ಬಂದದ್ದು ಎಲ್ಲಿ, ಮೇದು ಬೆಳೆದದ್ದು ಎಲ್ಲಿ, ಬಲೆಗೆ ಬೀಳದೆ ಇದ್ದಿದ್ದರೆ ಮುಂದಿನ ತಿಂಗಳು ಯಾವ ಊರಿನ ಎದುರು ಈಜುತ್ತಿತ್ತು ಎಂದು ವಿಚಾರಿಸುತ್ತಾ ಹೋದರೆ ಉತ್ತರ ಜಾರಿಕೊಳ್ಳುತ್ತದೆ.

ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಸರ್ವೆ ಕಲ್ಲು ನೆಡುತ್ತಾರೆ, ಪಾಲುಪಟ್ಟಿ ಬರೆಸುತ್ತಾರೆ. ಅಣ್ಣನ ಪಾಲಿನ ತೆಂಗಿನಮರ ರಾತ್ರಿ ಎದ್ದು ತಮ್ಮನ ತೋಟಕ್ಕೆ ಹೋಗುವುದಿಲ್ಲ. ಮೀನು ಹೋಗುತ್ತದೆ. ಹಾಗಾದರೆ ಮೀನಿಗೆ ಪಾಲುಪಟ್ಟಿ ಬರೆಯುವುದು ಹೇಗೆ? ಯೂರೋಪಿನ ಉತ್ತರ ಭಾಗದ ರಾಷ್ಟ್ರಗಳು ಅರ್ಧ ಶತಮಾನದಿಂದ ಈ ಪ್ರಶ್ನೆಯೊಡನೆ ಹೆಣಗುತ್ತಿವೆ. ಅಲ್ಲಿನ ಎರಡು ಉದಾಹರಣೆಗಳನ್ನು ನಿಮ್ಮ ಮುಂದಿಟ್ಟು, ಆಮೇಲೆ ನಮ್ಮ ಕರಾವಳಿಗೆ ಬರೋಣ. ಮೊದಲನೆಯದರಲ್ಲಿ ಪರಸ್ಪರ ನಂಬಿಕೆಯೇ ಇಲ್ಲದ ಇಬ್ಬರು ಪಾಲು ಮಾಡಿಕೊಂಡರು. ಎರಡನೆಯದರಲ್ಲಿ ಒಳ್ಳೆಯ ಸ್ನೇಹಿತರಿಗೇ ಅದು ಸಾಧ್ಯವಾಗಲಿಲ್ಲ.

ಅದಕ್ಕೆ ಮೊದಲು ಕಾನೂನಿನ ಒಂದು ಮಾತು. ವಿಶ್ವಸಂಸ್ಥೆಯ ಆಶ್ರಯದಲ್ಲಿ 1982ರಲ್ಲಿ ರೂಪುಗೊಂಡು 1994ರಲ್ಲಿ ಜಾರಿಗೆ ಬಂದ ಸಮುದ್ರ ಕಾನೂನಿನ ಒಡಂಬಡಿಕೆಯ ಪ್ರಕಾರ, ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ವರೆಗಿನ ಮತ್ಸ್ಯ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕುಂಟು. ಒಂದೇ ಮೀನಿನ ಸಂತತಿ ಇಬ್ಬರ ವಲಯಗಳಲ್ಲೂ ಓಡಾಡುತ್ತಿದ್ದರೆ? ಅದರ ರಕ್ಷಣೆಗೆ ಬೇಕಾದ ಕ್ರಮಗಳ ಬಗ್ಗೆ ಒಪ್ಪಂದಕ್ಕೆ ಬರಲು ಆ ದೇಶಗಳು ಪ್ರಯತ್ನಿಸಬೇಕು ಎಂದು 63ನೆಯ ವಿಧಿ ಹೇಳುತ್ತದೆ. ಪ್ರಯತ್ನಿಸಬೇಕು, ಅಷ್ಟೆ. ಯಾರಿಗೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಕೂತು ಮಾತನಾಡಿ ಎನ್ನುವ ಕಾನೂನು, ಮಾತು ಮುರಿದು ಎದ್ದುಹೋದವರ ಕೈ ಹಿಡಿದು ನಿಲ್ಲಿಸುವುದಿಲ್ಲ.

ಪಾಲು ಮಾಡುವ ಕ್ರಮದಲ್ಲಿ ಎರಡು ಹಂತಗಳಿವೆ. ಈ ವರ್ಷ ಒಟ್ಟು ಎಷ್ಟು ಮೀನು ಹಿಡಿದರೆ ಸಂತತಿ ಉಳಿಯುತ್ತದೆ ಎಂಬುದು ಮೊದಲನೆಯ ಲೆಕ್ಕ. ಆ ಒಟ್ಟಿನಲ್ಲಿ ಯಾರಿಗೆ ನೂರಕ್ಕೆ ಎಷ್ಟು ಎಂಬುದು ಎರಡನೆಯದು. ಹೀಗೆ ಬಂದ ಪಾಲನ್ನೇ ಕೋಟಾ ಎನ್ನುತ್ತಾರೆ. ಮೊದಲ ಲೆಕ್ಕ ವಿಜ್ಞಾನಿಗಳದು. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಈ ಕೆಲಸವನ್ನು, 1902ರಲ್ಲಿ ಸ್ಥಾಪನೆಯಾಗಿ ಕೋಪನ್‌ಹೇಗನ್‌ನಲ್ಲಿ ಕಚೇರಿ ಹೊಂದಿರುವ ಸಮುದ್ರ ಪರಿಶೋಧನೆಯ ಅಂತರರಾಷ್ಟ್ರೀಯ ಮಂಡಲಿ ನಡೆಸುತ್ತದೆ. ಮೀನನ್ನು ಒಂದೊಂದಾಗಿ ಎಣಿಸುವುದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಆದರೆ ಮರದ ಕಾಂಡದಲ್ಲಿ ಉಂಗುರಗಳಿರುವಂತೆ ಮೀನಿನ ಕಿವಿಯೊಳಗಿನ ಸಣ್ಣ ಹರಳಿನಲ್ಲೂ ವರ್ಷ ವರ್ಷದ ಉಂಗುರಗಳಿರುತ್ತವೆ. ಅದರಿಂದ ವಯಸ್ಸು ತಿಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಹಡಗುಗಳು ಹೊರಟು ನೀರಿನಲ್ಲಿ ತೇಲುವ ಮೊಟ್ಟೆಗಳ ಮಾದರಿ ತೆಗೆಯುತ್ತವೆ. ಮೊಟ್ಟೆಗಳ ಲೆಕ್ಕದಿಂದ ತಾಯಿ ಮೀನುಗಳ ಅಂದಾಜು ಸಿಗುತ್ತದೆ. ಇದರಲ್ಲಿ ತಪ್ಪು ಬರಬಹುದು, ಬಂದೂ ಇದೆ. ಆದರೂ ಜಗಳ ಹುಟ್ಟುವುದು ಸಾಮಾನ್ಯವಾಗಿ ಇಲ್ಲಲ್ಲ, ಎರಡನೆಯ ಹಂತದಲ್ಲಿ.

ಈಗ ಮೊದಲ ಉದಾಹರಣೆ. ನಾರ್ವೆಯ ಉತ್ತರಕ್ಕೆ, ರಷ್ಯದ ಮೂರ್ಮನ್‌ಸ್ಕ್ ಬಂದರಿಗೆ ತಾಗಿ ಬ್ಯಾರೆಂಟ್ಸ್ ಸಮುದ್ರವಿದೆ. ಅಲ್ಲಿನ ಕಾಡ್ ಎಂಬ ಮೀನಿನ ಜೀವನಕ್ರಮವೇ ಒಂದು ಪಾಠ. ದೊಡ್ಡ ಮೀನುಗಳು ಚಳಿಗಾಲದ ಕೊನೆಗೆ ನಾರ್ವೆಯ ಲೊಫೋಟೆನ್ ದ್ವೀಪಗಳ ಬಳಿ ಬಂದು ಮೊಟ್ಟೆಯಿಡುತ್ತವೆ. ಮರಿಗಳು ಪ್ರವಾಹದೊಡನೆ ಉತ್ತರಕ್ಕೂ ಪೂರ್ವಕ್ಕೂ ತೇಲಿಹೋಗಿ, ಬಹುಪಾಲು ರಷ್ಯದ ಕಡೆಯ ನೀರಿನವರೆಗೆ ಹರಡಿ ಬೆಳೆಯುತ್ತವೆ. ಪ್ರಾಯಕ್ಕೆ ಬಂದ ಮೇಲೆ ಮತ್ತೆ ನಾರ್ವೆಯ ತೀರಕ್ಕೆ. ಅಂದರೆ ತೊಟ್ಟಿಲು ಒಬ್ಬರ ಮನೆಯಲ್ಲಿ, ಊಟ ಇನ್ನೊಬ್ಬರ ಮನೆಯಲ್ಲಿ. ರಷ್ಯ ತನ್ನ ನೀರಿನಲ್ಲಿ ಎಳೆಯ ಮೀನನ್ನು ಬಾಚಿಕೊಂಡರೆ ನಾರ್ವೆಗೆ ದೊಡ್ಡ ಮೀನೇ ಬಾರದು. ಮೊಟ್ಟೆಯಿಡಲು ಬಂದದ್ದನ್ನೆಲ್ಲ ನಾರ್ವೆ ಹಿಡಿದರೆ ರಷ್ಯಕ್ಕೆ ಮರಿಯೇ ಇಲ್ಲ.

ಆಗಿನ ಸೋವಿಯತ್ ಒಕ್ಕೂಟ ಮತ್ತು ನಾರ್ವೆ 1975ರಲ್ಲಿ ಒಪ್ಪಂದ ಮಾಡಿಕೊಂಡು ಜಂಟಿ ಮೀನುಗಾರಿಕಾ ಆಯೋಗವನ್ನು ರಚಿಸಿದವು. 1976ರಲ್ಲಿ ಅದರ ಮೊದಲ ಸಭೆ ನಡೆಯಿತು. ಶೀತಲ ಸಮರದ ಕಾಲ. ನಾರ್ವೆ ನ್ಯಾಟೋ ಕೂಟದಲ್ಲಿತ್ತು. ಇಬ್ಬರ ನಡುವೆ ಸಮುದ್ರದ ಗಡಿಯೂ ತೀರ್ಮಾನವಾಗಿರಲಿಲ್ಲ. ಆದರೂ ಕಾಡ್ ಮೀನಿನಲ್ಲಿ ಇಬ್ಬರಿಗೂ ಸಮಪಾಲು ಎಂದು ನಿರ್ಧರಿಸಿ, ಮೂರನೆಯ ದೇಶಗಳಿಗೆ ಸ್ವಲ್ಪ ತೆಗೆದಿಟ್ಟು, ಉಳಿದದ್ದನ್ನು ಅರ್ಧರ್ಧ ಹಂಚಿಕೊಂಡರು. ಗಡಿ ನಿಷ್ಕರ್ಷೆಯಾಗಿದ್ದು 2010ರಲ್ಲಿ. ಮೀನಿನ ಪಾಲು ಮೊದಲು, ಸರ್ವೆ ಕಲ್ಲು ಮೂವತ್ತನಾಲ್ಕು ವರ್ಷಗಳ ಮೇಲೆ! ನಮ್ಮ ಕಂದಾಯ ಇಲಾಖೆಯ ಅನುಭವವುಳ್ಳವರಿಗೆ ಇದು ತಲೆಕೆಳಗಾದ ಕ್ರಮವೆನಿಸೀತು.

ಅರ್ಧರ್ಧ ಎಂಬ ಲೆಕ್ಕ ವೈಜ್ಞಾನಿಕವೇನೂ ಅಲ್ಲ. ಅದರ ಗುಣ ಬೇರೆ: ಒಮ್ಮೆ ಒಪ್ಪಿದ ಮೇಲೆ ಪ್ರತಿವರ್ಷ ಅದನ್ನು ಮತ್ತೆ ಕೆದಕಬೇಕಾಗಿಲ್ಲ. ಒಟ್ಟು ಪ್ರಮಾಣ ಹೆಚ್ಚಿದರೆ ಇಬ್ಬರಿಗೂ ಲಾಭ, ತಗ್ಗಿದರೆ ಇಬ್ಬರಿಗೂ ನಷ್ಟ. ಇದರ ಜೊತೆಗೆ ಇನ್ನೊಂದು ಜಾಣತನವಿದೆ. ಒಬ್ಬರು ಇನ್ನೊಬ್ಬರ ನೀರಿಗೆ ಹೋಗಿ ತಮ್ಮ ಪಾಲನ್ನು ಹಿಡಿಯಬಹುದು. ರಷ್ಯದ ಹಡಗುಗಳು ತಮ್ಮ ಕಡೆಯ ಎಳೆಯ ಮೀನನ್ನು ಬಿಟ್ಟು ನಾರ್ವೆಯ ವಲಯದಲ್ಲಿ ತೂಕವುಳ್ಳ ಮೀನು ಹಿಡಿಯುತ್ತವೆ. ಅದೇ ಟನ್ನಿಗೆ ಕಡಿಮೆ ಮೀನು ಸಾಯುತ್ತದೆ. ಬಲೆಯ ಕಣ್ಣಿನ ಅಳತೆ ನಾರ್ವೆಯಲ್ಲಿ 135 ಮಿಲಿಮೀಟರ್, ರಷ್ಯದಲ್ಲಿ 125 ಇತ್ತು. 2011ರಿಂದ ಇಬ್ಬರಿಗೂ 130 ಎಂದಾಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. 2005ರ ಸುಮಾರಿಗೆ ಲೆಕ್ಕಕ್ಕೆ ಸಿಗದೆ ಹಿಡಿದ ಮೀನು ವರ್ಷಕ್ಕೆ ಒಂದು ಲಕ್ಷ ಟನ್ನಿಗೂ ಮೀರಿತ್ತೆಂದು ಅಂದಾಜು. ಸಮುದ್ರದ ಮಧ್ಯದಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಮೀನು ದಾಟಿಸಿ ದೂರದ ಬಂದರಿನಲ್ಲಿ ಇಳಿಸುತ್ತಿದ್ದರು. 2007ರಿಂದ ಯೂರೋಪಿನ ಬಂದರುಗಳಲ್ಲಿ, ಇದು ಕೋಟಾದ ಮೀನು ಎಂದು ಹಡಗಿನ ಸ್ವಂತ ದೇಶ ದೃಢಪಡಿಸದ ಹೊರತು ಇಳಿಸಲು ಬಿಡುವುದಿಲ್ಲ ಎಂಬ ನಿಯಮ ಬಂದ ಮೇಲೆ ಆ ವ್ಯವಹಾರ ಬಹಳವಾಗಿ ತಗ್ಗಿತು. 2013ರಲ್ಲಿ ಕಾಡ್ ಮೀನಿನ ಒಟ್ಟು ಮಿತಿ 10 ಲಕ್ಷ ಟನ್ ಮುಟ್ಟಿತು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ನಾರ್ವೆ ರಷ್ಯದ ಮೀನು ಹಡಗುಗಳಿಗೆ ಮೂರು ಬಂದರುಗಳನ್ನಷ್ಟೇ ತೆರೆದಿಟ್ಟಿತು, ಕೋಪನ್‌ಹೇಗನ್ನಿನ ಮಂಡಲಿ ರಷ್ಯವನ್ನು ಹೊರಗಿಟ್ಟಿತು. ಆದರೂ ಎರಡು ದೇಶಗಳ ವಿಜ್ಞಾನಿಗಳು ಬೇರೆಯಾಗಿ ಕೂತು ಲೆಕ್ಕ ಮುಂದುವರಿಸಿದರು. ವಾರ್ಷಿಕ ಒಪ್ಪಂದವೂ ನಿಲ್ಲಲಿಲ್ಲ. ಈಗ ಕಾಡ್ ಸಂತತಿ ಮತ್ತೆ ಇಳಿಮುಖವಾಗಿದೆ. 2025ರ ಮಿತಿ 3 ಲಕ್ಷ 40 ಸಾವಿರ ಟನ್, 1991ರ ನಂತರ ಅಲ್ಲಿಯವರೆಗಿನ ಕನಿಷ್ಠ. ಒಪ್ಪಂದವಿದ್ದರೂ ಮೀನು ಕಡಿಮೆಯಾಗಬಹುದು ಎಂಬುದನ್ನು ಮರೆಯಬೇಡಿ. ಕಡಿಮೆಯಾದಾಗ ಇಬ್ಬರೂ ಒಟ್ಟಿಗೆ ಕೈ ಹಿಂದೆಗೆದರು ಎಂಬುದಷ್ಟೇ ಇಲ್ಲಿನ ವಿಶೇಷ.

ಎರಡನೆಯ ಉದಾಹರಣೆ ಮ್ಯಾಕೆರೆಲ್, ನಮ್ಮ ಬಂಗುಡೆಯ ದಾಯಾದಿ ಮೀನು. ಐರ್ಲೆಂಡಿನ ಪಶ್ಚಿಮದ ಕಡಲಿನಲ್ಲಿ ಮೊಟ್ಟೆಯಿಟ್ಟು, ಬೇಸಿಗೆಯಲ್ಲಿ ಮೇವಿಗಾಗಿ ಉತ್ತರಕ್ಕೆ ಹೋಗುವುದು ಇದರ ಕ್ರಮ. ಯೂರೋಪಿಯನ್ ಒಕ್ಕೂಟ, ನಾರ್ವೆ, ಮತ್ತು ಡೆನ್ಮಾರ್ಕಿಗೆ ಸೇರಿಯೂ ಸ್ವಯಮಾಡಳಿತವಿರುವ ಫೆರೋ ದ್ವೀಪಗಳು ಇದನ್ನು ಮೂವರೇ ಹಂಚಿಕೊಳ್ಳುತ್ತಿದ್ದವು. ಐಸ್‌ಲೆಂಡಿಗೆ ಪಾಲಿರಲಿಲ್ಲ, ಏಕೆಂದರೆ ಅದರ ನೀರಿಗೆ ಆ ಮೀನು ಹೆಚ್ಚಾಗಿ ಬರುತ್ತಿರಲಿಲ್ಲ.

ಆಮೇಲೆ ಬರತೊಡಗಿತು. 2006ರಲ್ಲಿ ಐಸ್‌ಲೆಂಡ್ ಹಿಡಿದ ಮ್ಯಾಕೆರೆಲ್ ಸುಮಾರು 4 ಸಾವಿರ ಟನ್. 2008ರಲ್ಲಿ ಅದು ಒಂದು ಲಕ್ಷ ಟನ್ ದಾಟಿತು. ನೀರು ಬೆಚ್ಚಗಾದದ್ದು, ಮೀನಿನ ಸಂಖ್ಯೆ ಹೆಚ್ಚಿ ಮೇವು ಹುಡುಕಿ ಹರಡಿದ್ದು ಎಂದು ಕಾರಣಗಳನ್ನು ಹೇಳುತ್ತಾರೆ. ಅದೇ ವರ್ಷ ಐಸ್‌ಲೆಂಡಿನ ದೊಡ್ಡ ಬ್ಯಾಂಕುಗಳು ಮುಳುಗಿದ್ದವು. ಬ್ಯಾಂಕು ಮುಳುಗಿದಾಗ ಬಾಗಿಲಿಗೆ ಬಂದ ಮೀನನ್ನು ಯಾರು ಬಿಡುತ್ತಾರೆ? 2010ಕ್ಕೆ ಐಸ್‌ಲೆಂಡ್ ತಾನೇ 1 ಲಕ್ಷ 30 ಸಾವಿರ ಟನ್ ಕೋಟಾ ಘೋಷಿಸಿಕೊಂಡಿತು. ಇದನ್ನು ಕಂಡ ಫೆರೋ ದ್ವೀಪದವರು, ನಾವೇಕೆ ಹಳೆಯ ಪಾಲಿಗೆ ಅಂಟಿಕೊಂಡಿರಬೇಕು ಎಂದು ಒಪ್ಪಂದದಿಂದ ಹೊರಬಂದು 85 ಸಾವಿರ ಟನ್ ಎಂದರು.

ಎರಡು ಕಡೆಯ ವಾದವನ್ನೂ ಕೇಳಿ. ಮೀನು ಹುಟ್ಟುವುದು ನಮ್ಮಲ್ಲಿ, ತಲೆಮಾರುಗಳಿಂದ ಹಿಡಿಯುತ್ತಾ ಬಂದವರು ನಾವು ಎಂದು ಒಕ್ಕೂಟದವರು. ನಮ್ಮ ಕಡಲಿಗೆ ಬಂದು ಮೇದು ತೂಕ ಹೆಚ್ಚಿಸಿಕೊಂಡು ಹೋಗುತ್ತದೆ, ಮೇವಿನ ಬೆಲೆ ಕೊಡುವವರು ಯಾರು ಎಂದು ಐಸ್‌ಲೆಂಡಿನವರು. ನನ್ನನ್ನು ಕೇಳಿದರೆ ಎರಡೂ ನ್ಯಾಯವೇ. ಅದೇ ತೊಡಕು.

2014ರಲ್ಲಿ ಹಳೆಯ ಮೂವರು ಮತ್ತೆ ಒಪ್ಪಂದ ಮಾಡಿಕೊಂಡರು. ನೂರಕ್ಕೆ 15.6 ಭಾಗವನ್ನು ಐಸ್‌ಲೆಂಡ್ ಮೊದಲಾದ ಹೊರಗಿನವರಿಗೆಂದು ತೆಗೆದಿಟ್ಟರು, ಐಸ್‌ಲೆಂಡ್ ಸೇರಲಿಲ್ಲ. 2021ರಿಂದ ಬ್ರಿಟನ್ ಒಕ್ಕೂಟ ಬಿಟ್ಟು ಸ್ವತಂತ್ರ ಪಾಲುದಾರನಾಯಿತು. ಒಟ್ಟು ಕುಟುಂಬದಿಂದ ಒಬ್ಬ ಹೊರಬಿದ್ದಾಗ ಹಳೆಯ ಪಾಲುಪಟ್ಟಿ ಏನಾಗುತ್ತದೋ ಅದೇ ಆಯಿತು. ಆ ವರ್ಷಕ್ಕೆ ವಿಜ್ಞಾನಿಗಳ ಸಲಹೆ ಸುಮಾರು 8 ಲಕ್ಷ 52 ಸಾವಿರ ಟನ್. ಒಟ್ಟು ಮೊತ್ತದ ಬಗ್ಗೆ ಯಾರ ತಕರಾರೂ ಇರಲಿಲ್ಲ. ಆದರೆ ನಾರ್ವೆ ಸಲಹೆಯ ನೂರಕ್ಕೆ 35ರಷ್ಟನ್ನು ತನ್ನದೆಂದಿತು, ಫೆರೋ ತನ್ನದನ್ನು ಏರಿಸಿತು, ಉಳಿದವರೂ ತಮ್ಮ ತಮ್ಮ ಲೆಕ್ಕ ಬರೆದರು. ಎಲ್ಲ ಕೋಟಾಗಳನ್ನು ಕೂಡಿಸಿದಾಗ 12 ಲಕ್ಷ ಟನ್ನಿನಷ್ಟಾಯಿತು. ನೂರು ಬಟ್ಟಲು ಪಾಯಸಕ್ಕೆ ನೂರನಲವತ್ತು ಜನ ಕೈತೊಳೆದು ಕೂತಂತೆ. ಇದು ಒಂದು ವರ್ಷದ ಮಾತಲ್ಲ, ವರ್ಷ ವರ್ಷವೂ ಹೀಗೆಯೇ ನಡೆಯಿತು. ಯಾರೂ ಕಳ್ಳರಲ್ಲ, ಪ್ರತಿಯೊಬ್ಬರೂ ತಮ್ಮ ಸರಕಾರ ಕೊಟ್ಟ ಮಿತಿಯೊಳಗೇ ಹಿಡಿದರು. ಸಲಹೆಯ ಪ್ರಮಾಣ 2025ಕ್ಕೆ 5 ಲಕ್ಷ 77 ಸಾವಿರ ಟನ್ನಿಗೆ ಇಳಿದಿತ್ತು. 2026ಕ್ಕೆ ಇನ್ನೂ ನೂರಕ್ಕೆ ಎಪ್ಪತ್ತು ಕಡಿತಮಾಡಿ, ಸುಮಾರು 1 ಲಕ್ಷ 74 ಸಾವಿರ ಟನ್ ಸಾಕೆಂದು ಮಂಡಲಿ 2025ರ ಸೆಪ್ಟೆಂಬರಿನಲ್ಲಿ ಹೇಳಿತು.

ಇನ್ನು ನಮ್ಮ ಕರಾವಳಿ. ಇಲ್ಲಿ ಕೋಟಾ ಪದ್ಧತಿ ಇಲ್ಲ. ನೂರಾರು ಜಾತಿಯ ಮೀನು, ಒಂದೇ ಬಲೆಯಲ್ಲಿ ಹತ್ತಾರು ಬಗೆ, ಬಂದರಿನಿಂದ ಹಿಡಿದು ಕೈರಂಪಣಿ ಎಳೆಯುವ ಮರಳದಂಡೆಯವರೆಗೆ ಮೀನು ಇಳಿಯುವ ಜಾಗಗಳು. ಟನ್ ಲೆಕ್ಕ ಇಡುವುದು ಸುಲಭವಲ್ಲ. ಆದ್ದರಿಂದ ನಮ್ಮಲ್ಲಿ ಹಿಡಿಯುವ ದಿನಗಳಿಗೆ, ಬಲೆಗೆ, ಮೀನಿನ ಅಳತೆಗೆ ಕಡಿವಾಣ. ತೀರದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಕೇರಳ ಮತ್ತು ಗೋವಾದ ಕಾಯ್ದೆಗಳು 1980ರವು, ಕರ್ನಾಟಕದ್ದು 1986ರದು.

ತಲಪಾಡಿಯಲ್ಲಿ ರಾಜ್ಯದ ಗಡಿಯ ಫಲಕವಿದೆ. ಅದರ ನೇರಕ್ಕೆ ಕಡಲಿನಲ್ಲಿ ಏನೂ ಇಲ್ಲ. ನಾವು ಬೂತಾಯಿ ಎನ್ನುವುದನ್ನು ಆಚೆಯವರು ಮತ್ತಿ ಎನ್ನುತ್ತಾರೆ, ಮೀನು ಒಂದೇ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಮತ್ತಿ 2021ರಲ್ಲಿ ಕೇವಲ 3,297 ಟನ್ ಸಿಕ್ಕಿತು ಎಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ. ಇದಕ್ಕೆ ಎಲ್ ನಿನೋದಂಥ ಸಮುದ್ರದ ಏರುಪೇರೂ ಕಾರಣ, ಬಲೆಯೊಂದನ್ನೇ ದೂರುವಂತಿಲ್ಲ. ಆದರೆ ಕ್ಷೀಣಿಸಿದ ಸಂತತಿಯ ಮರಿಗಳನ್ನು ಉಳಿಸುವವರು ಯಾರು? ಕೇರಳ 2015ರಲ್ಲಿ ಮತ್ತಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ಎಂದು ಆಜ್ಞೆ ಹೊರಡಿಸಿತು. ಮಂಜೇಶ್ವರದ ಎದುರು ಮರಿಯೆಂದು ಬಿಟ್ಟ ಮೀನು ಉಳ್ಳಾಲದ ಎದುರಿಗೆ ಬಂದಾಗ ಇನ್ನೂ ಮರಿಯೇ. ಒಂದು ಕಡೆಯವರು ಬಿಟ್ಟದ್ದನ್ನು ಇನ್ನೊಂದು ಕಡೆಯವರು ಹಿಡಿದರೆ, ಬಿಟ್ಟವನಿಗೆ ಮುಂದಿನ ವರ್ಷ ಬಿಡುವ ಮನಸ್ಸು ಬಾರದು.

ಮಳೆಗಾಲದ ನಿಷೇಧದಲ್ಲೂ ಇದೇ ಪ್ರಶ್ನೆ. ಹಿಂದೆ ರಾಜ್ಯಕ್ಕೊಂದು ದಿನಾಂಕವಿತ್ತು. ಒಬ್ಬರ ಬೋಟು ದಡದಲ್ಲಿರುವಾಗ ಇನ್ನೊಬ್ಬರದು ಕಡಲಿನಲ್ಲಿ. 2015ರಿಂದ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂದಾಗಿದೆ. ಕೇರಳ ಮಾತ್ರ ತನ್ನ 12 ಮೈಲಿಯೊಳಗೆ ಟ್ರಾಲ್ ನಿಷೇಧವನ್ನು ಜೂನ್ 9ರ ನಡುರಾತ್ರಿಯಿಂದ 52 ದಿನಕ್ಕೆ ಇಟ್ಟುಕೊಂಡಿದೆ. ವ್ಯತ್ಯಾಸ ಒಂಬತ್ತು ದಿನ. ಬೋಟು ಕಟ್ಟಿಹಾಕಿ, ಸಾಲದ ಕಂತು ಲೆಕ್ಕ ಹಾಕುತ್ತಾ ದಡದಲ್ಲಿ ಕೂತವನಿಗೆ ಆ ಒಂಬತ್ತು ದಿನ ಎಷ್ಟು ದೀರ್ಘ ಎಂಬುದನ್ನು ಬಂದರಿಗೆ ಹೋದಾಗ ನೀವೇ ಕೇಳಿ ನೋಡಿ.